ಅಂಚೆಡಬ್ಬಿಯ ಮೇಲಿನ ಹೆಸರು

ಅನನ್ಯ ನಮ್ಮ ಸ್ಟುಟ್‌ಗಾರ್ಟಿನ ಕನ್ನಡ ಬಳಗದ ಗೆಳೆಯರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಬಳಗದ ಉಳಿದ ಮಕ್ಕಳೆಲ್ಲ ಕಾರಿನ ಕಂಪನಿಗೋ ಕಂಪ್ಯೂಟರಿನ ಓದಿಗೋ ಹೋದರೆ, ಇವಳೊಬ್ಬಳು ಕಳೆದ ಶರತ್ಕಾಲದಲ್ಲಿ ಕೋರ್ಟಿನ ಕಚೇರಿಯಲ್ಲಿ ತರಬೇತಿಗೆ ಸೇರಿಕೊಂಡಳು. ಅವಳ ಅಪ್ಪ ಅಮ್ಮನಿಗೆ ಇದು ಅಷ್ಟೇನೂ ಹಿಡಿಸಿರಲಿಲ್ಲ. ನನಗೆ ಮಾತ್ರ ಹಿಗ್ಗೋ ಹಿಗ್ಗು. ಒಂದು ಭಾನುವಾರ ಮನೆಗೆ ಬಂದವಳು ಕೇಳಿದಳು.

"ಅಂಕಲ್, ನೀವು ಕೋರ್ಟಲ್ಲಿ ಟ್ವೆಂಟಿ ಸಿಕ್ಸ್ ಇಯರ್ಸ್ ಏನ್ ಮಾಡ್ತಾ ಇದ್ರಿ? ಅಮ್ಮ ಹೇಳ್ತಾಳೆ, ನೀವು ಗಾಡಿ ತಳ್ತಾ ಇದ್ರಿ ಅಂತ."

ಅವಳಮ್ಮ ಹೇಳಿದ್ದು ಸುಳ್ಳಲ್ಲ. ಗಾಡಿ ತಳ್ಳುತ್ತಲೇ ಇದ್ದೆ. ಆದರೆ ಆ ಗಾಡಿಯಲ್ಲಿ ಏನಿತ್ತು, ಅದು ಸರಿಯಾದ ಕೋಣೆಗೆ ಹೋಗದಿದ್ದರೆ ಯಾರ ಗತಿ ಏನಾಗುತ್ತಿತ್ತು ಎಂಬುದನ್ನು ಒಂದು ಕಪ್ ಕಾಫಿ ಮುಗಿಯುವುದರೊಳಗೆ ಹೇಳಲಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅನನ್ಯಳಿಗೆ ಕನ್ನಡ ಓದಲು ಬಾರದು. ಅವಳಮ್ಮ ಓದಿ ಹೇಳಲಿ. ಆ ನೆಪದಲ್ಲಾದರೂ ಅವಳಮ್ಮನಿಗೆ ಗಾಡಿಯ ವಿಷಯ ಪೂರ್ತಿ ತಿಳಿಯಲಿ.

ಜರ್ಮನಿಯ ಕೋರ್ಟುಗಳಲ್ಲಿ ವಾಖ್ಟ್‌ಮೈಸ್ಟರ್ ಎಂಬ ನೌಕರರಿರುತ್ತಾರೆ. ನೀಲಿ ಅಂಗಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ನಮ್ಮ ಊರಿನ ಕೋರ್ಟಿನ ಜವಾನ, ಪೊಲೀಸ್ ಪೇದೆ, ಅಂಚೆಯವ ಮೂವರ ಕೆಲಸವನ್ನೂ ಒಬ್ಬನ ಹೆಗಲಿಗೆ ಹೇರಿದರೆ ವಾಖ್ಟ್‌ಮೈಸ್ಟರ್ ಆಗುತ್ತಾನೆ. ಬೆಳಿಗ್ಗೆ ಜೈಲಿನ ಬಸ್ಸಿನಿಂದ ಇಳಿದವರನ್ನು ನೆಲಮಾಳಿಗೆಯ ಕೋಣೆಗಳಲ್ಲಿ ಕೂರಿಸುವುದು, ಹೊತ್ತಾದಾಗ ಲಿಫ್ಟಿನಲ್ಲಿ ಮೇಲಿನ ಕೋರ್ಟ್ ಹಾಲಿಗೆ ಕರೆದೊಯ್ಯುವುದು, ಮತ್ತೆ ಇಳಿಸುವುದು. ನಡುವೆ ರಸ್ತೆಯಾಚೆಗಿನ ಸರಕಾರಿ ವಕೀಲರ ಕಚೇರಿಯಿಂದ ಫೈಲುಗಳನ್ನು ಗಾಡಿಯಲ್ಲಿ ತುಂಬಿ ತರುವುದು, ಕೋಣೆಕೋಣೆಗೆ ಹಂಚುವುದು, ಬಂದ ಅಂಚೆ ಬಿಡಿಸುವುದು, ಹೋಗುವ ಅಂಚೆ ಕಟ್ಟುವುದು. ಮನುಷ್ಯರೂ ನಮ್ಮ ಕೈಯಲ್ಲೇ, ಅವರ ಕಾಗದಗಳೂ ನಮ್ಮ ಕೈಯಲ್ಲೇ.

ಈ ಕೆಲಸಕ್ಕೆ ನಾನು ಬಂದ ದಾರಿ ಸ್ವಲ್ಪ ಡೊಂಕು. ನನ್ನ ಹೆಂಡತಿ ಸುಲೋಚನಾ ನರ್ಸ್. ಇಲ್ಲಿನ ಆಸ್ಪತ್ರೆಗೆ ಅವಳನ್ನು ಕರೆಸಿಕೊಂಡರು, ಅವಳ ಗಂಡನೆಂದು ನನ್ನನ್ನೂ ಬಿಟ್ಟುಕೊಂಡರು. ಮೊದಲ ಕೆಲವು ವರ್ಷ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸಿದೆ. ಜರ್ಮನ್ ಕಲಿತೆ, ಇಲ್ಲಿನ ನಾಗರಿಕನೂ ಆದೆ. ಕೋರ್ಟಿನಲ್ಲಿ ವಾಖ್ಟ್‌ಮೈಸ್ಟರ್ ಬೇಕಾಗಿದ್ದಾರೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಫೋನ್ ಮಾಡಿ ಕರೆದಾಗ ಸಂದರ್ಶನಕ್ಕೂ ಹೋಗಿಬಂದೆ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಕಪ್ಪು ಮನುಷ್ಯನಿಗೆ ಯಾರು ಬೀಗದ ಕೈ ಕೊಡುತ್ತಾರೆ ಎಂದು ಸುಲೋಚನಾಳ ಮುಂದೆ ಗೊಣಗಿದ್ದೂ ಆಯಿತು.

ಒಂದು ಸಂಜೆ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ನೀಲಿ ಅಂಗಿಯ, ಗಿಡ್ಡ ಮೀಸೆಯ ಒಬ್ಬರು ನಿಂತಿದ್ದರು. ಕೈಯಲ್ಲಿ ನನ್ನ ನೇಮಕಾತಿ ಪತ್ರ. ಅದು ಎರಡು ಸಲ ನಮ್ಮ ಮನೆಯವರೆಗೆ ಬಂದು, "ಈ ವಿಳಾಸದಲ್ಲಿ ಇಂಥವರಿಲ್ಲ" ಎಂಬ ಗುರುತು ಹಾಕಿಸಿಕೊಂಡು ಕೋರ್ಟಿಗೇ ಮರಳಿತ್ತಂತೆ. ನನ್ನ ಹೆಸರು ಎಚ್. ಸದಾಶಿವ. ಎಚ್ ಎಂದರೆ ಹಾಲಾಡಿ, ನನ್ನ ಊರು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದ್ದರು. ಜರ್ಮನರು ಅದನ್ನೇ ಮನೆತನದ ಹೆಸರೆಂದು ಹಿಡಿದುಕೊಂಡರು. ನಾನಾದರೋ ನನ್ನ ಹೆಸರು ಯಾವುದೋ ಅದನ್ನೇ ಅಂಚೆಡಬ್ಬಿಯ ಮೇಲೆ ಬರೆದಿದ್ದೆ: ಸದಾಶಿವ. ಇಲ್ಲಿ ಪೋಸ್ಟ್‌ಮನ್ ಮನೆ ಸಂಖ್ಯೆ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾನೆ. ಡಬ್ಬಿಯಲ್ಲಿ ಹೆಸರಿಲ್ಲದವನು ಆ ಮನೆಯಲ್ಲೇ ಇಲ್ಲ.

ಆ ಗಿಡ್ಡ ಮೀಸೆಯವರು ಹೆರ್ ಬ್ರೆನ್ನರ್, ನಮ್ಮ ಮಾತಿನಲ್ಲಿ ಶ್ರೀ ಬ್ರೆನ್ನರ್. ನಮ್ಮ ಕೋರ್ಟಿನ ವಾಖ್ಟ್‌ಮೈಸ್ಟರ್‌ಗಳಿಗೆ ಅವರೇ ಮುಖ್ಯಸ್ಥರು. ಮನೆಗೆ ಹೋಗುವ ದಾರಿಯಲ್ಲೇ ಇದೆಯೆಂದು ಪತ್ರ ಹಿಡಿದು ಬಂದಿದ್ದರು. ಕೆಳಗೆ ಮೆಟ್ಟಿಲು ಗುಡಿಸುತ್ತಿದ್ದ ಮುದುಕಿಯನ್ನು ವಿಚಾರಿಸಿದಾಗ, "ಭಾರತದವರು ಮೂರನೇ ಮಹಡಿಯಲ್ಲಿದ್ದಾರೆ, ಮುಂದಿನ ವಾರ ಗುಡಿಸುವ ಸರದಿ ಅವರದೇ" ಎಂದಳಂತೆ. ಈ ಸೀಮೆಯ ಜನರಿಗೆ ಕೇರ್‌ವೋಖೆ ಎಂಬ ಕಟ್ಟಳೆಯಿದೆ. ಒಂದು ಕಟ್ಟಡದಲ್ಲಿರುವ ಮನೆಯವರೆಲ್ಲ ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಯಾರು ತಪ್ಪಿಸಿದರೂ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ.

"ಹೆರ್ ಹಾಲಾಡಿ," ಎಂದರು ಬ್ರೆನ್ನರ್, ಪತ್ರ ಕೈಗಿಡುತ್ತಾ. "ನಿಮ್ಮ ಮೊದಲನೇ ಕೆಲಸ, ಆ ಡಬ್ಬಿಯ ಮೇಲೆ ನಿಮ್ಮ ಹೆಸರು ಬರೆಯುವುದು."

ಆವತ್ತಿನಿಂದ ಇಪ್ಪತ್ತಾರು ವರ್ಷ ನಾನು ಹೆರ್ ಹಾಲಾಡಿ. ಇಡೀ ಊರಿನ ಹೆಸರಿನಿಂದ ಒಬ್ಬನನ್ನು ಕರೆಯುತ್ತಾರೆಂದು ಊರಿಗೆ ಹೋದಾಗ ಹೇಳಿದರೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬ್ರೆನ್ನರ್ ಮಾತು ಕಮ್ಮಿ. ಬೈಯುವುದು ಇನ್ನೂ ಕಮ್ಮಿ. ಅದಕ್ಕೇ ಹೆಚ್ಚು ಹೆದರಿಕೆಯಾಗುತ್ತಿತ್ತು. ಅವರು ಕಲಿಸಿದ ಮೊದಲ ಪಾಠ ಫೈಲು ಓದಬಾರದು ಎಂಬುದು. ಎರಡನೆಯದು, ಕೈದಿಯ ಜೊತೆ ಅವನ ಕೇಸಿನ ಮಾತಾಡಬಾರದು. ಹವಾಮಾನದ ಮಾತಾಡಬಹುದು, ನೀರು ಬೇಕೇ ಎಂದು ಕೇಳಬಹುದು, ಲಿಫ್ಟಿನಲ್ಲಿ ಸುಮ್ಮನೆ ನಿಂತಿರಬಹುದು. ಮೂರನೆಯ ಪಾಠವನ್ನು ಅವರು ಬಾಯಲ್ಲಿ ಹೇಳಲಿಲ್ಲ. ಅದನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಆ ತಪ್ಪನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಸೇರಿ ಎರಡನೇ ವರ್ಷ. ವಿಚಾರಣೆಗೆ ಮುಂಚೆಯೇ ಜೈಲಿನಲ್ಲಿಟ್ಟಿದ್ದ ಒಬ್ಬನನ್ನು ಬಿಡುಗಡೆ ಮಾಡಲು ನ್ಯಾಯಾಧೀಶರು ಮಧ್ಯಾಹ್ನ ಮೂರಕ್ಕೆ ಸಹಿ ಹಾಕಿದರು. ಆದೇಶವನ್ನು ಜೈಲಿಗೆ ಫ್ಯಾಕ್ಸ್ ಮಾಡಬೇಕಿತ್ತು. ಆಗೆಲ್ಲ ಫ್ಯಾಕ್ಸೇ ನಮ್ಮ ಓಡುಗಾಲು. ನಾನು ಹಾಳೆಗಳನ್ನು ಯಂತ್ರಕ್ಕೆ ಹಾಕಿದೆ, ಅದು ಕಿರುಚಿತು, "ಹೋಯಿತು" ಎಂದು ಚೀಟಿ ಉಗುಳಿತು. ನಾನು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಕೋರ್ಟಿನ ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ಬಿಡುತ್ತಾರೆಂದು ವಕೀಲರು ಹೇಳಿದ್ದರಂತೆ. ಹಿಂದಿನ ಸಂಜೆ ಜೈಲಿನ ಗೇಟಿನ ಮುಂದೆ ಕಾದು ಕಾದು ಹಿಂದಿರುಗಿದ್ದಳು. ವಿಚಾರಿಸಿದಾಗ ಜೈಲಿನವರು, "ನಿಮ್ಮಿಂದ ಬಂದದ್ದು ಎರಡು ಖಾಲಿ ಹಾಳೆ" ಎಂದರು. ನಾನು ಹಾಳೆಗಳನ್ನು ಮಗುಚಿ ಹಾಕಿದ್ದೆ. ಬರೆದ ಮುಖ ಮೇಲೆ, ಖಾಲಿ ಮುಖ ಯಂತ್ರದ ಕಡೆಗೆ.

ನನ್ನ ಕೈತಪ್ಪಿನಿಂದ ಒಬ್ಬ ಮನುಷ್ಯ, ಬಿಡುಗಡೆಯಾದ ಮೇಲೂ ಒಂದು ರಾತ್ರಿ ಜೈಲಿನಲ್ಲಿ ಮಲಗಿದ. ಇವತ್ತಿಗೂ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆ ಹೆಂಗಸಿನ ಮುಂದೆ ನಿಂತು, ತಪ್ಪು ನನ್ನದೇ ಎಂದು ಹೇಳಿದೆ. ಅವಳು, "ಈಗಲಾದರೂ ಸರಿಯಾಗಿ ಕಳಿಸಿ" ಎಂದಳು. ಕಳಿಸಿದೆ. ಬ್ರೆನ್ನರ್ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ಕೇಳಿ" ಎಂದರು. ನಾನು ಜೈಲಿಗೆ ಫೋನ್ ಮಾಡಿ ಕೇಳಿದೆ: "ಬಂತಾ?"

"ಬಂತು," ಎಂದರು ಆ ಕಡೆಯಿಂದ.

ಅದೇ ಮೂರನೆಯ ಪಾಠ. ಬ್ರೆನ್ನರ್ ಒಂದು ನೋಟ್‌ಬುಕ್ ತಂದು ಫ್ಯಾಕ್ಸಿನ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದರು. ಏನು ಕಳಿಸಿದರೂ ಫೋನ್ ಮಾಡಿ "ಬಂತಾ" ಎಂದು ಕೇಳಬೇಕು. "ಬಂತು" ಎಂದು ಬರೆಯಬೇಕು. ಪಕ್ಕದ ಕಾಲಮಿನಲ್ಲಿ ಹಾಗೆಂದವರ ಹೆಸರು. ಹೆಸರಿಲ್ಲದ "ಬಂತು" ಅವರ ಲೆಕ್ಕದಲ್ಲಿ ಬಂದೇ ಇಲ್ಲ.

ಈ ನೋಟ್‌ಬುಕ್ಕಿನ ವಿಷಯವೊಂದನ್ನು ಆ ಭಾನುವಾರವೇ ಹೇಳಿದ್ದೆ, ಅನನ್ಯ ಕೇಳಿ ನಕ್ಕಳು. ಅವಳ ಕೋರ್ಟಿನಲ್ಲಿ ಈಗ ಫ್ಯಾಕ್ಸೂ ಇಲ್ಲ, ಗಾಡಿಯೂ ಇಲ್ಲ. ಫೈಲು ಕಂಪ್ಯೂಟರಿನೊಳಗಿದೆ. ಗುಂಡಿ ಒತ್ತಿದರೆ ಸರಕಾರಿ ವಕೀಲರ ಬಳಿ, ಇನ್ನೊಂದು ಒತ್ತಿದರೆ ಜೈಲಿನ ಬಳಿ. ನನ್ನ ಕೊನೆಯ ವರ್ಷಗಳಲ್ಲಿ ಆ ಬದಲಾವಣೆಯನ್ನು ನಾನೂ ನೋಡಿದೆ. ಗಾಡಿಗಳನ್ನು ಹಿಂಬದಿಯ ಶೆಡ್ಡಿಗೆ ತಳ್ಳಿದ ದಿನ ಕೆಲವರು ಮುಖ ಸಣ್ಣ ಮಾಡಿಕೊಂಡರು. ನಾನು ಮಾಡಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ತಳ್ಳಿದ ಸೊಂಟಕ್ಕೆ ಗೊತ್ತು ಗಾಡಿಯ ಸುಖ. ಹಳೆಯದೆಲ್ಲ ಚಿನ್ನ ಎಂದು ಹಾಡುವ ಮುದುಕರ ಸಾಲಿಗೆ ನನ್ನನ್ನು ಸೇರಿಸಬೇಡಿ. ಈಗ ಕಾಗದ ಮಗುಚಿ ಹೋಗುವುದಿಲ್ಲ, ಗಾಡಿಯ ಕೆಳಗಿನ ಹಲಗೆಯಲ್ಲಿ ಫೈಲು ಮರೆತುಹೋಗುವುದಿಲ್ಲ. ಬಹಳ ಒಳ್ಳೆಯದಾಯಿತು.

ಆದರೆ ಕಂಪ್ಯೂಟರಿನಲ್ಲೂ ಹೆಸರಿನ ಖಾನೆ ಹಾಗೆಯೇ ಇದೆ. ಮನೆತನದ ಹೆಸರು ಒಂದು ಖಾನೆ, ಸ್ವಂತ ಹೆಸರು ಇನ್ನೊಂದು. ನಮ್ಮ ಕಡೆಯವರಿಗೆ ಮನೆತನದ ಹೆಸರೇ ಇಲ್ಲದಿದ್ದರೆ ಆ ಖಾನೆಗೆ ಊರನ್ನು ಹಾಕುತ್ತಾರೋ, ಅಪ್ಪನನ್ನು ಹಾಕುತ್ತಾರೋ ದೇವರೇ ಬಲ್ಲ. ಹಾಗಾಗಿ ಮಂಜುವಿನ ವಿಷಯ ಹೇಳಲೇಬೇಕು. ಅದು ಬ್ರೆನ್ನರ್ ನಿವೃತ್ತರಾಗಲು ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಆಗಿನ್ನೂ ಗಾಡಿಯಿತ್ತು.

ಅದೊಂದು ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ಪೊಲೀಸರು ಒಬ್ಬನನ್ನು ನೆಲಮಾಳಿಗೆಗೆ ತಂದು ಬಿಟ್ಟರು. ಮೂವತ್ತರ ಆಸುಪಾಸಿನವನು, ಚೌಕಳಿಯ ಅಡುಗೆ ಪ್ಯಾಂಟು, ಮೇಲೆ ಯಾರೋ ಕೊಟ್ಟ ಸ್ವೆಟರು. ಹಿಂದಿನ ದಿನ ಒಂದು ಭಾರತೀಯ ಹೋಟೆಲಿನ ಅಡುಗೆಮನೆಗೆ ಬೇರಾವುದೋ ತಪಾಸಣೆಗೆ ಹೋದ ಅಧಿಕಾರಿಗಳು ಎಲ್ಲರ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ನೋಡಿದಾಗ ಇವನ ಮೇಲೆ ವಾರಂಟ್ ಇರುವುದು ಗೊತ್ತಾಗಿತ್ತು. ಹಿಡಿದು ತಂದಿದ್ದರು. ಹನ್ನೊಂದು ಗಂಟೆಗೆ ನ್ಯಾಯಾಧೀಶರ ಮುಂದೆ ಹಾಜರಿ. ವಿಚಾರಣೆಯ ದಿನದವರೆಗೆ ಜೈಲಿನಲ್ಲಿಡಬೇಕೋ ಬಿಡಬೇಕೋ ಎಂದು ಆಗ ತೀರ್ಮಾನ.

ಕೋಣೆಯ ಬಾಗಿಲು ಮುಚ್ಚುವಾಗ ಅವನು ಗೋಡೆಗೆ ಮುಖ ಮಾಡಿ, "ಇನ್ನೆಂತ ಮಾಡೂದ್ ದೇವ್ರೇ" ಎಂದ. ಆ ನೆಲಮಾಳಿಗೆಯಲ್ಲಿ ನಾನು ಟರ್ಕಿಯ, ಪೋಲೆಂಡಿನ, ನೈಜೀರಿಯದ ಮಾತು ಕೇಳಿದ್ದೆ. ಕುಂದಾಪುರದ ಮಾತು ಅದೇ ಮೊದಲು. ನನ್ನ ಕಾಲು ಅಲ್ಲೇ ನಿಂತಿತು.

"ನೀರ್ ಬೇಕಾ?" ಎಂದೆ.

ಅವನು ತಿರುಗಿ ನೋಡಿದ. "ಹ್ವಾಯ್, ನೀವ್ ನಮ್ ಬದಿಯರಾ?"

"ಹಾಲಾಡಿ."

ಅಷ್ಟಕ್ಕೇ ಅವನಿಗೆ ಅಳು ಬಂತು. ಅಳುತ್ತಲೇ ಹೇಳಿದ: "ಅವ್ರ್ ಗೋವಿಂದ, ಗೋವಿಂದ ಅಂದ್ಹೇಳಿ ಕರ್ದ್ರ್. ಅದ್ ನನ್ ಅಪ್ಪಯ್ಯನ ಹೆಸ್ರ್. ಅಪ್ಪಯ್ಯ ತೀರ್ಕಂಡ್ ಆರ್ ವರ್ಷ ಆಯ್ತ್. ಅಪ್ಪಯ್ಯನ್ ಹುಡ್ಕಂಡ್ ಬಂದಿರ್ ಅಂದೇ ಗ್ರೇಶಿದೆ. ನಾನ್ ಎಲ್ಲಿಗೂ ಓಡಿ ಹೋಯ್ಲಿಲ್ಲೆ. ಮನಿಯಂಗೇ ಇದ್ದಿದ್ದೆ."

ನಾನು ಮಾತು ನಿಲ್ಲಿಸುವಂತೆ ಕೈ ತೋರಿಸಿದೆ. ಇದು ಕೇಸಿನ ಮಾತು. ನಾನು ಕೇಳುವಂತಿಲ್ಲ. ನೀರು ಕೊಟ್ಟು ಬಾಗಿಲು ಹಾಕಿದೆ. ಹೊರಗೆ ಬ್ರೆನ್ನರ್ ನಿಂತಿದ್ದರು.

"ಅದು ಯಾವ ಭಾಷೆ?"

"ನನ್ನದು."

"ಏನು ಮಾತಾಡಿದಿರಿ?"

"ನೀರು ಬೇಕೇ ಎಂದು ಕೇಳಿದೆ. ಉಳಿದದ್ದು ಅವನು ಹೇಳಿದ. ನಾನು ನಿಲ್ಲಿಸಿದೆ."

ಬ್ರೆನ್ನರ್ ತಲೆ ಆಡಿಸಿ ಹೋದರು. ನಾನು ಗಾಡಿ ತೆಗೆದುಕೊಂಡು ರಸ್ತೆ ದಾಟಿದೆ. ಅವತ್ತಿನ ಫೈಲುಗಳಲ್ಲಿ ಅವನದೂ ಇತ್ತು, ಕೆಂಪು ಹೊದಿಕೆಯದು. ಫೈಲು ಓದಬಾರದೆಂಬ ಪಾಠ ನಾನು ಮೀರಲಿಲ್ಲ. ಆದರೆ ಮೇಲ್ಗಡೆಯೇ ಕ್ಲಿಪ್ಪು ಹಾಕಿದ್ದ ಹಳದಿ ಲಕೋಟೆ ಕಣ್ಣಿಗೆ ಬಿತ್ತು. ಕೋರ್ಟಿನ ಸಮನ್ಸು ಹೋಗುವುದು ಹಳದಿ ಲಕೋಟೆಯಲ್ಲಿ. ಅದರ ಮೇಲೆ "ಹೆರ್ ಗೋವಿಂದ" ಎಂದು ವಿಳಾಸ. ಪಕ್ಕದಲ್ಲಿ ಪೋಸ್ಟ್‌ಮನ್ನಿನ ಗುರುತು: ಈ ವಿಳಾಸದಲ್ಲಿ ಇಂಥವರಿಲ್ಲ.

ಗಾಡಿಯನ್ನು ರಸ್ತೆ ನಡುವೆಯೇ ನಿಲ್ಲಿಸಿಬಿಟ್ಟೆ. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ನನಗೆ ನನ್ನದೇ ನೇಮಕಾತಿ ಪತ್ರ ನೆನಪಾಗಿತ್ತು. ಇವನ ಡಬ್ಬಿಯ ಮೇಲೆ ಏನು ಬರೆದಿರಬಹುದೆಂದು ಆ ಕೋರ್ಟಿನಲ್ಲಿ ನನ್ನೊಬ್ಬನಿಗೇ ಹೊಳೆಯುವಂತಿತ್ತು. ಸಮನ್ಸು ಮುಟ್ಟಲಿಲ್ಲ, ಆದ್ದರಿಂದ ತಲೆತಪ್ಪಿಸಿಕೊಂಡಿದ್ದಾನೆ, ಆದ್ದರಿಂದ ವಾರಂಟು. ಇವನನ್ನು ಒಳಗಿಟ್ಟರೆ ಕೆಲಸ ಹೋಗುತ್ತದೆ. ಅಡುಗೆಯವರ ವೀಸಾ ಆ ಒಂದು ಹೋಟೆಲಿನ ಕೆಲಸಕ್ಕೇ ಕಟ್ಟಿದ್ದು. ಕೆಲಸ ಹೋದರೆ ದೇಶವನ್ನೇ ಬಿಡಬೇಕು. ಗಂಟೆ ಒಂಬತ್ತು ದಾಟಿತ್ತು.

ಅವನ ವಕೀಲರಿಗೆ ಹೇಳಬಹುದಿತ್ತು. ಆದರೆ ಕಾವಲಿನವನು ಒಂದು ಪಕ್ಷಕ್ಕೆ ಸುಳಿವು ಕೊಟ್ಟಂತಾಗುತ್ತದೆ. ಸುಮ್ಮನಿರಬಹುದಿತ್ತು. ಆಗುತ್ತಿರಲಿಲ್ಲ. ನೇರವಾಗಿ ಬ್ರೆನ್ನರ್ ಬಳಿಗೆ ಹೋಗಿ ಎಲ್ಲ ಹೇಳಿದೆ. ಲಕೋಟೆ ನೋಡಿದ್ದೂ ಹೇಳಿದೆ. ಬೈದರೆ ಬೈಯಲಿ ಎಂದುಕೊಂಡಿದ್ದೆ.

ಅವರು ಕಿಟಕಿಯ ಕಡೆ ನೋಡುತ್ತಾ ಮೀಸೆ ಸವರಿಕೊಂಡರು. "ಕೇಸಿನ ವಿಷಯ ನಮಗೆ ಸಂಬಂಧವಿಲ್ಲ," ಎಂದರು. ನಾನು ಬಾಗಿಲ ಕಡೆ ತಿರುಗಿದೆ. ಆಮೇಲೆ ಹೇಳಿದರು: "ಆದರೆ ಕಾಗದ ಮುಟ್ಟಿತೋ ಇಲ್ಲವೋ ಎಂಬುದು ಅಂಚೆಯ ವಿಷಯ. ಅಂಚೆ ನಮ್ಮ ಕೆಲಸ. ಮುಟ್ಟದ ಕಾಗದವನ್ನು ಕೈಯಾರೆ ಮುಟ್ಟಿಸಿ ಬರಲು ನಾನು ಯಾವ ವಾಖ್ಟ್‌ಮೈಸ್ಟರನನ್ನಾದರೂ ಕಳಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹೋಗಿ ಆ ಡಬ್ಬಿ ನೋಡಿ ಬನ್ನಿ. ಕಂಡದ್ದನ್ನು ಮಾತ್ರ ಬರೆಯೋಣ, ಅದರ ಮೇಲೆ ಒಂದಕ್ಷರ ಬೇಡ."

ಬಸ್ಸಿನಲ್ಲಿ ಹದಿನೈದು ನಿಮಿಷ. ನಾಲ್ಕು ಮಹಡಿಯ ಹಳೆಯ ಕಟ್ಟಡ. ಬಾಗಿಲಿನ ಪಕ್ಕ ಎಂಟು ಡಬ್ಬಿ. ಏಳರ ಮೇಲೆ ಅಚ್ಚು ಹಾಕಿದ ಹೆಸರು, ಎಂಟನೆಯದರ ಮೇಲೆ ಬಿಳಿ ಟೇಪು. ಟೇಪಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿತ್ತು: ಮಂಜು. ಅದನ್ನು ನೋಡಿ ನಗು ಬಂತು, ಸಿಟ್ಟೂ ಬಂತು. ಮಾರಾಯ, ಕರೆಯುವ ಹೆಸರನ್ನು ಬರೆದು ಕೂತಿದ್ದಿಯಲ್ಲ. ಫೋನಿನಲ್ಲಿ ಫೋಟೋ ಹೊಡೆದುಕೊಂಡೆ.

ಅಷ್ಟರಲ್ಲಿ ಬಾಗಿಲು ತೆರೆದು ಎಪ್ಪತ್ತು ದಾಟಿದ ಹೆಂಗಸೊಬ್ಬರು ಹೊರಬಂದರು. ಫ್ರಾವ್ ಹೇಗೆಲೆ, ಅಂದರೆ ಶ್ರೀಮತಿ ಹೇಗೆಲೆ, ನೆಲಮಹಡಿಯವರು. ನೀಲಿ ಅಂಗಿಯವನು ಡಬ್ಬಿಗಳ ಫೋಟೋ ಹೊಡೆಯುವುದನ್ನು ಕಿಟಕಿಯಿಂದ ನೋಡಿದ್ದರು.

"ಏನು ಬೇಕು?"

"ಇಲ್ಲಿ ಹೆರ್ ಗೋವಿಂದ ಎಂಬುವರು ಇದ್ದಾರೆಯೇ?"

"ಅಂಥವರು ಯಾರೂ ಇಲ್ಲ. ಪೊಲೀಸರೂ ಒಮ್ಮೆ ಕೇಳಿದ್ದರು. ಅವರಿಗೂ ಅದನ್ನೇ ಹೇಳಿದೆ."

"ಹೆರ್ ಮಂಜು?"

"ಹೆರ್ ಮಂಜು ಎರಡನೇ ಮಹಡಿ. ಒಂದೂವರೆ ವರ್ಷವಾಯಿತು. ಅವರಿಗೇನಾಯಿತು? ನಿನ್ನೆ ಮನೆಗೆ ಬಂದಿಲ್ಲ. ಈ ವಾರ ಅವರದೇ ಸರದಿ. ನಾಳೆ ಶನಿವಾರ."

ಹಾಗೆಂದು ಮೆಟ್ಟಿಲಿನ ಬಳಿ ಗೋಡೆಗೆ ತೂಗುಹಾಕಿದ್ದ ಕೇರ್‌ವೋಖೆಯ ಪಟ್ಟಿ ತೋರಿಸಿದರು. ವಾರವಾರಕ್ಕೂ ಗುಡಿಸಿದವರ ಹೆಸರು, ಪಕ್ಕದಲ್ಲಿ ಫ್ರಾವ್ ಹೇಗೆಲೆಯ ಗುರುತು. ಎಂಟು ವಾರಕ್ಕೊಮ್ಮೆ ಮಂಜು. ಒಂದು ಸಲವೂ ತಪ್ಪಿಲ್ಲ. ಕೋರ್ಟಿನ ಲೆಕ್ಕದಲ್ಲಿ ಇವನು ಓಡಿಹೋದ ತಿಂಗಳುಗಳಲ್ಲೂ ಮಂಜು ಮೆಟ್ಟಿಲು ಗುಡಿಸಿ, ಅಂಗಳ ಗುಡಿಸಿ, ಹಿಮ ಬಿದ್ದ ದಿನ ಹಿಮವನ್ನೂ ಎತ್ತಿ ಹಾಕಿದ್ದ. ಕೆಲವು ಕಡೆ ಅವರು "ಅಚ್ಚುಕಟ್ಟು" ಎಂದೂ ಬರೆದಿದ್ದರು. ಮಿಕ್ಕವರ ಪಕ್ಕದಲ್ಲಿ ಆ ಮಾತು ಎಲ್ಲೂ ಕಾಣಲಿಲ್ಲ.

ಪಟ್ಟಿಯನ್ನು ಕೋರ್ಟಿಗೆ ಒಯ್ಯಬಹುದೇ ಎಂದು ಕೇಳಿದೆ.

"ಅದು ಹೇಗಾಗುತ್ತದೆ? ಮುಂದಿನ ವಾರ ಯಾರು ಗುಡಿಸಬೇಕೆಂದು ಜನಕ್ಕೆ ಗೊತ್ತಾಗಬೇಡವೇ? ಫೋಟೋ ಹೊಡೆದುಕೊಳ್ಳಿ," ಎಂದರು. ನಾನು ಹೊರಡುವಾಗ ಹಿಂದಿನಿಂದ ಕೇಳಿದರು: "ನಾಳೆಯೊಳಗೆ ಬರುತ್ತಾರಾ?"

ನನಗೂ ಅದೇ ಬೇಕಾಗಿತ್ತು. ಗೊತ್ತಿಲ್ಲ ಎಂದೆ.

ಹತ್ತೂಮುಕ್ಕಾಲಿಗೆ ಕೋರ್ಟ್ ಸೇರಿದೆ. ಬ್ರೆನ್ನರ್ ಫೋಟೋಗಳನ್ನು ಮುದ್ರಿಸಿ ಕೆಳಗೆ ಐದು ಸಾಲು ಟಿಪ್ಪಣಿ ಬರೆದರು. ಇಂಥ ವಿಳಾಸದ ಡಬ್ಬಿಯ ಮೇಲೆ ಇಂಥ ಹೆಸರಿದೆ, ಗೋಡೆಯ ಮೇಲೆ ಇಂಥ ಪಟ್ಟಿಯಿದೆ, ನೆರೆಯವರು ಹೀಗೆ ಹೇಳಿದರು. ಅಷ್ಟೇ. ಅದನ್ನು ತಾವೇ ಒಯ್ದು ನ್ಯಾಯಾಧೀಶರ ಮೇಜಿನ ಮೇಲಿಟ್ಟರು. ನಾನು ಮಂಜುವನ್ನು ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದೆ. ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನಿಂತೆ.

ನ್ಯಾಯಾಧೀಶೆ ಫ್ರಾವ್ ಲೆಂಟ್ಸ್ ಇದೇ ಸೀಮೆಯಲ್ಲಿ ಹುಟ್ಟಿದವರು. ಇಂಗ್ಲಿಷಿನ ದುಭಾಷಿ ಬಂದಿದ್ದರು. ಸರಕಾರಿ ವಕೀಲರು, ಆರೋಪಿ ತಲೆಮರೆಸಿಕೊಂಡಿದ್ದ, ಬಿಟ್ಟರೆ ಮತ್ತೆ ಹೋಗುತ್ತಾನೆ ಎಂದರು. ಮಂಜುವಿನ ವಕೀಲೆ ಚಿಕ್ಕ ವಯಸ್ಸಿನವರು. ಅವರಿಗೆ ಹಾಳೆಯ ಪ್ರತಿ ಆಗ ತಾನೇ ಕೈಗೆ ಬಂದಿತ್ತು, ಇನ್ನೂ ಓದುತ್ತಿದ್ದರು. ಫ್ರಾವ್ ಲೆಂಟ್ಸ್ ಪಟ್ಟಿಯ ಫೋಟೋವನ್ನು ಕನ್ನಡಕ ಮೇಲಕ್ಕೇರಿಸಿ ನೋಡಿದರು. ಪುನಃ ನೋಡಿದರು.

"ನೀವು ಮೆಟ್ಟಿಲು ಗುಡಿಸುತ್ತೀರಾ?" ಎಂದು ಮಂಜುವನ್ನು ಕೇಳಿದರು.

ದುಭಾಷಿ ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಗಾಬರಿಯಾದ. ಮೆಟ್ಟಿಲಿನಲ್ಲೂ ಏನೋ ತಪ್ಪಾಗಿದೆ ಎಂದುಕೊಂಡಿರಬೇಕು. "ಯೆಸ್ ಮೇಡಂ. ಟುಮಾರೋ ಆಲ್ಸೋ ಮೈ ಟರ್ನ್," ಎಂದ.

ಫ್ರಾವ್ ಲೆಂಟ್ಸ್ ಸರಕಾರಿ ವಕೀಲರ ಕಡೆ ತಿರುಗಿದರು. "ಒಂದೂವರೆ ವರ್ಷದಲ್ಲಿ ಒಮ್ಮೆಯೂ ಕೇರ್‌ವೋಖೆ ತಪ್ಪಿಸದವನು ತಲೆಮರೆಸಿಕೊಂಡಿದ್ದಾನೆಂದು ಈ ಊರಿನಲ್ಲಿ ನಾನು ತೀರ್ಪು ಬರೆದರೆ, ನನ್ನ ತಾಯಿಯೇ ನನ್ನನ್ನು ಮನೆಗೆ ಸೇರಿಸುವುದಿಲ್ಲ."

ಸರಕಾರಿ ವಕೀಲರೂ ನಕ್ಕುಬಿಟ್ಟರು. ವಾರಂಟು ಅಲ್ಲಿಗೇ ರದ್ದಾಯಿತು. ದುಭಾಷಿ ಅದನ್ನು ತಿಳಿಸುವ ಮೊದಲೇ ಮಂಜು ನನ್ನ ಮುಖ ನೋಡಿದ. ಕೋರ್ಟ್ ಹಾಲಿನಲ್ಲಿ ನನ್ನ ಮುಖ ಕಲ್ಲಿನಂತಿರಬೇಕು, ಅದು ನಿಯಮ. ಇರಲಿಲ್ಲ. ಅವನನ್ನು ಲಿಫ್ಟಿನಲ್ಲಿ ಇಳಿಸದೆ ಮುಂಬಾಗಿಲಿನಿಂದ ಹೊರಗೆ ಬಿಟ್ಟೆ. ಅಷ್ಟು ಸಂತೋಷವಾದ ದಿನ ನನ್ನ ನೌಕರಿಯಲ್ಲಿ ಬೇರೆ ಇಲ್ಲ.

ಮಂಜು ಹೊರಡುವ ಮುಂಚೆ ಬ್ರೆನ್ನರ್ ತಮ್ಮ ಅಚ್ಚಿನ ಯಂತ್ರದಲ್ಲಿ ಡಬ್ಬಿಗೆ ಅಂಟಿಸುವ ಹೆಸರಿನ ಚೀಟಿಯೊಂದನ್ನು ಮಾಡಿ ಅವನ ಕೈಗೆ ಕೊಟ್ಟರು. ಎರಡು ಸಾಲು: ಗೋವಿಂದ, ಕೆಳಗೆ ಮಂಜು. ಅವನು ಹಿಂದೆ ಮುಂದೆ ನೋಡಿ, "ಅಪ್ಪಯ್ಯನ ಹೆಸ್ರ್ ಡಬ್ಬಿ ಮೇಲೆ ಅಂಟ್ಸೂದಾ?" ಎಂದು ನನ್ನನ್ನು ಕೇಳಿದ. ಅಂಟಿಸು, ಇನ್ನು ಮೇಲೆ ನಿನ್ನ ಕಾಗದವೆಲ್ಲ ಅಪ್ಪಯ್ಯನೇ ತಂದುಕೊಡುತ್ತಾರೆ ಎಂದೆ. ಅವನು ಅದನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡ. ಮರುದಿನ ಮೆಟ್ಟಿಲೂ ಗುಡಿಸಿದನೆಂದು ಆಮೇಲೆ ತಿಳಿಯಿತು.

ಕೇಸು ಏನಾಯಿತೆಂದು ಕೇಳುತ್ತೀರಿ. ಅದನ್ನೂ ಹೇಳಿಬಿಡುತ್ತೇನೆ. ಹೋಟೆಲಿನ ಹಿಂದೆ ಕುಡಿದ ಗಿರಾಕಿಗಳ ನಡುವೆ ನೂಕಾಟವಾಗಿ ಒಬ್ಬನ ಮಣಿಕಟ್ಟು ಮುರಿದಿತ್ತು. ಬಿಡಿಸಲು ಹೋದ ಮಂಜುವಿನ ಹೆಸರನ್ನೂ ಪೊಲೀಸರು ಬರೆದುಕೊಂಡಿದ್ದರು. ಅವರು ಏನು ಹೇಳಿದ್ದರೋ ಇವನಿಗೆ ಅರ್ಥವಾಗಿರಲಿಲ್ಲ. ಎಲ್ಲ ಮುಗಿಯಿತೆಂದುಕೊಂಡು ದೋಸೆ ಹುಯ್ಯಲು ಒಳಗೆ ಹೋಗಿದ್ದ. ವಿಚಾರಣೆಯಲ್ಲಿ ಮಣಿಕಟ್ಟು ಮುರಿಸಿಕೊಂಡವನೇ, ಇವನು ಬಿಡಿಸಲು ಬಂದವನು ಎಂದು ಸಾಕ್ಷಿ ಹೇಳಿದ. ಮಂಜು ಖುಲಾಸೆಯಾದ. ಅದೇ ಹೋಟೆಲಿನಲ್ಲಿ ಈಗಲೂ ಇದ್ದಾನೆ.

ಆದರೆ ನನಗೆ ತೀರ್ಪಿನ ದಿನಕ್ಕಿಂತ ಹೆಚ್ಚು ನೆನಪಿರುವುದು ಅದಕ್ಕೆ ಮೂರು ವಾರ ಮುಂಚಿನ ಒಂದು ಮಧ್ಯಾಹ್ನ. ಮುಂಬಾಗಿಲಿನ ತಪಾಸಣೆಯಲ್ಲಿ ನಾನೂ ಬ್ರೆನ್ನರೂ ನಿಂತಿದ್ದೆವು. ಮಂಜು ಏಪ್ರನ್ನನ್ನೂ ಬಿಚ್ಚದೆ ಏದುಸಿರು ಬಿಡುತ್ತಾ ಒಳಗೆ ಬಂದ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವಿನ ಬಿಡುವಿನಲ್ಲಿ ಮನೆಗೆ ಹೋಗಿ, ಅಲ್ಲಿಂದ ನೇರ ಓಡಿಬಂದಿದ್ದ. ಎರಡೂ ಕೈಯಲ್ಲಿ ಹಳದಿ ಲಕೋಟೆ. ಒಡೆದಿರಲಿಲ್ಲ.

"ಬಂತ್," ಎಂದ. "ಕಾಗ್ದ ಬಂತ್."

"ಒಡೆದು ನೋಡು ಮಾರಾಯ."

"ನಿಮ್ ಎದ್ರಿಗೇ ಒಡೂವ ಅಂದ್ಹೇಳಿ ತಂದೆ."

ಒಡೆದ. ವಿಚಾರಣೆ ಮೂರು ವಾರದ ನಂತರ, ಬೆಳಿಗ್ಗೆ ಒಂಬತ್ತೂವರೆಗೆ. ದಿನವನ್ನು ಬೆರಳಿಟ್ಟು ತೋರಿಸಿದೆ.

"ಹಂಗಾರೆ ಇವತ್ತಲ್ದಾ?"

"ಇವತ್ತಲ್ಲ."

ಬ್ರೆನ್ನರ್ ಇಬ್ಬರ ಮುಖವನ್ನೂ ನೋಡಿದರು. "ಇವರು ಇವತ್ತು ಯಾವ ಹಾಲಿಗೆ ಹೋಗಬೇಕು?" ಎಂದು ಕೇಳಿದರು.

"ಯಾವುದಕ್ಕೂ ಇಲ್ಲ," ಎಂದೆ. "ತಾನು ಮನೆಯಲ್ಲೇ ಇದ್ದೇನೆ ಎಂದು ಹೇಳಲು ಬಂದಿದ್ದಾರೆ."

ಬ್ರೆನ್ನರ್ ಒಳಗೆ ಹೋಗಿ ಫ್ಯಾಕ್ಸಿನ ಪಕ್ಕದ ನೋಟ್‌ಬುಕ್ಕನ್ನು ದಾರ ಬಿಚ್ಚಿ ತಂದರು. ಅದರಲ್ಲಿ ಆ ದಿನದ ಸಾಲಿನ ಕೆಳಗೆ "ಬಂತು" ಎಂದು ಬರೆದರು. ಹಾಗೆಂದವರ ಹೆಸರಿನ ಕಾಲಮಿನಲ್ಲಿ, ತಡೆದು ತಡೆದು, ಒಂದೊಂದೇ ಅಕ್ಷರವಾಗಿ ಬರೆದರು: ಹೆರ್ ಮಂಜು.